ಹಿನ್ನೀರಿಗೆ ಇಳಿಯುವ ಮುನ್ನ

ಹುಡುಗಿ: ದೊಡ್ಡಪ್ಪ, ನಾಳೆ ನಮ್ಮ ಗುಂಪು ಹೊನ್ನೆಮರಡಿನಲ್ಲಿ ನೀರಿಗಿಳಿಯುತ್ತದೆ. ಆರು ಜನ ಇದ್ದೇವೆ. ರಾತ್ರಿ ರೈಲಿಗೆ ಬೆಂಗಳೂರಿನಿಂದ ಹೊರಟವರು ಬೆಳಗ್ಗೆ ತಾಳಗುಪ್ಪದಲ್ಲಿ ಇಳಿಯುತ್ತಾರೆ. ಎರಡು ದಿನ ಕಯಾಕ್, ತೆಪ್ಪ, ನಡುಗಡ್ಡೆಗೊಂದು ಪಯಣ, ಇಷ್ಟು ಯೋಚನೆ. ದೊಡ್ಡಪ್ಪನ ಹತ್ತಿರ ಒಂದು ಮಾತು ಕೇಳಿಕೊಂಡು ಹೋಗು ಅಂದಳು ಅಮ್ಮ.

ದೊಡ್ಡಪ್ಪ: ಬಂದದ್ದು ಒಳ್ಳೆಯದಾಯಿತು ಕೂಸೇ. ಮೊದಲು ಇದನ್ನು ಹೇಳು. ಯಾವ ನೀರಿಗೆ ಇಳಿಯುತ್ತಿದ್ದೇವೆ ಅಂತ ನಿನ್ನ ಗೆಳೆಯರಿಗೆ ಗೊತ್ತಿದೆಯಾ?

ಹುಡುಗಿ: ಶರಾವತಿ ಹಿನ್ನೀರು ಅಂತ ಗೊತ್ತು. ಒಂದು ದೊಡ್ಡ ಕೆರೆ ಅಂದುಕೊಂಡಿದ್ದಾರೆ.

ದೊಡ್ಡಪ್ಪ: ಅಲ್ಲಿಂದಲೇ ಶುರುಮಾಡಬೇಕು. ಕೆರೆ ಅಂದರೆ ಏರಿಯ ಮೇಲೆ ನಿಂತು ನೋಡಿದರೆ ಆಚೆ ದಡ ಕಾಣಬೇಕು, ಅದರ ಆಳ ಊರಿನವರಿಗೆ ಗೊತ್ತಿರಬೇಕು. ಇದು ಹಾಗಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನಿಂತ ನೀರು. ಸಮುದ್ರಮಟ್ಟದಿಂದ 1819 ಅಡಿಗೆ ಬಂದರೆ ಜಲಾಶಯ ತುಂಬಿತು ಅಂತ ಲೆಕ್ಕ. ತುಂಬಿದಾಗ ಹಿಡಿಯುವ ನೀರು 151 ಟಿಎಂಸಿ. ಮುಳುಗಿಸಿದ ನೆಲ 300 ಚದರ ಕಿಲೋಮೀಟರಿಗೂ ಹೆಚ್ಚು. ಅಷ್ಟಗಲದ ನೆಲದಲ್ಲಿ ಊರಿತ್ತು, ಗದ್ದೆ, ಅಡಿಕೆ ತೋಟ, ದೇವಸ್ಥಾನ, ಎತ್ತಿನ ಗಾಡಿಯ ರಸ್ತೆ, ದಟ್ಟ ಕಾಡು ಎಲ್ಲ ಇತ್ತು. ನಮ್ಮ ಅಪ್ಪ ಎದ್ದು ಬಂದ ಮನೆಯೂ ಅಲ್ಲೇ ಕೆಳಗೆ ಇದೆ. ನಾಳೆ ನೀವು ದೋಣಿ ನಡೆಸುವುದು ಜನ ಬಾಳಿ ಬಿಟ್ಟುಹೋದ ಒಂದು ಸೀಮೆಯ ಮೇಲೆ.

ಹುಡುಗಿ: ಆ ಕಥೆಯನ್ನು ಅಜ್ಜಿಯಿಂದ ಕೇಳಿದ್ದೇನೆ. ಆದರೆ ದೋಣಿ ನಡೆಸುವುದಕ್ಕೂ ಅದಕ್ಕೂ ಏನು ಸಂಬಂಧ?

ದೊಡ್ಡಪ್ಪ: ನೇರ ಸಂಬಂಧ ಇದೆ. ಈ ನೀರಿನ ಕೆಳಗೆ ಏನಿತ್ತು ಅಂತ ತಿಳಿದವನಿಗೆ ಎಲ್ಲಿ ಹುಷಾರಾಗಿರಬೇಕು ಅನ್ನುವುದೂ ತಿಳಿಯುತ್ತದೆ. ಅಣೆಕಟ್ಟು ಕಟ್ಟುವಾಗ ಕಾಡನ್ನೆಲ್ಲ ಕಡಿದು ಮುಗಿಸಲಿಲ್ಲ. ಎಷ್ಟೋ ಮರ ನಿಂತಲ್ಲೇ ಮುಳುಗಿದವು. ನೀರಿನೊಳಗೆ ಗಾಳಿ ತಾಗದ ಗಟ್ಟಿ ಮರ ಬೇಗ ಕೊಳೆಯುವುದಿಲ್ಲ. ಅರವತ್ತು ವರ್ಷ ದಾಟಿದರೂ ಬೊಡ್ಡೆಗಳು ಹಾಗೇ ನಿಂತಿವೆ. ಮಳೆಗಾಲ ಕಳೆದ ಹೊಸದರಲ್ಲಿ ಅವು ಆಳದಲ್ಲಿರುತ್ತವೆ, ದೋಣಿಗೆ ತೊಂದರೆ ಇಲ್ಲ. ಬೇಸಿಗೆಯಲ್ಲಿ ವಿದ್ಯುತ್ತಿಗಾಗಿ ನೀರು ಬಿಡುತ್ತಾ ಬಿಡುತ್ತಾ ಮಟ್ಟ ಇಳಿಯುತ್ತದೆ. ಆಗ ಕೆಲವು ಬೊಡ್ಡೆ ಹೊರಗೆ ಕಾಣುತ್ತವೆ. ಕೆಲವು ನೀರಿನ ಮೈಗೆ ಒಂದೇ ಗೇಣು ಕೆಳಗೆ ಇರುತ್ತವೆ. ಕಾಣುವ ಬೊಡ್ಡೆಯನ್ನು ಯಾರಾದರೂ ತಪ್ಪಿಸುತ್ತಾರೆ. ದೋಣಿ ಮಗುಚುವುದು ಕಾಣದ್ದರಿಂದ.

ಹುಡುಗಿ: ಹಾಗಾದರೆ ಬೇಸಿಗೆ ಬಿಟ್ಟು ಬೇರೆ ಕಾಲದಲ್ಲಿ ಬರಬೇಕಿತ್ತೇನೋ.

ದೊಡ್ಡಪ್ಪ: ಹಾಗಲ್ಲ. ಮಳೆಗಾಲದಲ್ಲಿ ಈ ಹೊಳೆಯ ಮೇಲೆ ಆಟಕ್ಕೆ ಇಳಿಯಲೇಬಾರದು. ಬೇಸಿಗೆಗೆ ಅದರದೇ ಚಂದ ಇದೆ. ನೀರು ಇಳಿದಾಗ ಹಳೆಯ ಗುಡ್ಡಗಳ ನೆತ್ತಿ ನಡುಗಡ್ಡೆಯಾಗಿ ಏಳುತ್ತದೆ, ಹಳೆಯ ಗದ್ದೆಯ ಬದು, ಕಲ್ಲು ಕಟ್ಟಿದ ಮೆಟ್ಟಿಲು ಕಾಣಿಸುತ್ತದೆ. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಒದಗಿಸಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಲಿಂಗನಮಕ್ಕಿ ಬಂದು ಅದೂ ಮುಳುಗಿತು. ನೀರು ತೀರಾ ಇಳಿದ ವರ್ಷ ಅದರ ಗೋಡೆ, ಸೈಫನ್ನು ಎಲ್ಲ ಹೊರಗೆ ಬರುತ್ತದೆ, ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಬೇಸಿಗೆಯಲ್ಲೇ ಬನ್ನಿ. ಆದರೆ ಈ ವಾರ ನೀರು ಎಷ್ಟಿದೆ, ಬೊಡ್ಡೆ ಯಾವ ಕಡೆ ಇದೆ ಅಂತ ಅಲ್ಲಿನ ತರಬೇತುದಾರರನ್ನೋ ಮೀನು ಹಿಡಿಯುವವರನ್ನೋ ಕೇಳದೆ ಹುಟ್ಟು ಮುಟ್ಟಬೇಡಿ. ಹೋದ ವರ್ಷ ಬಂದವರು ತೋರಿಸಿದ ದಾರಿ ಈ ವರ್ಷ ದಾರಿಯಾಗಿರುವುದಿಲ್ಲ.

ಹುಡುಗಿ: ನಮ್ಮಲ್ಲಿ ನಾಲ್ವರಿಗೆ ಚೆನ್ನಾಗಿ ಈಜು ಬರುತ್ತದೆ. ಇಬ್ಬರಿಗೆ ಮಾತ್ರ ಬರುವುದಿಲ್ಲ. ಆ ಇಬ್ಬರ ಬಗ್ಗೆಯೇ ನನಗೆ ಯೋಚನೆ.

ದೊಡ್ಡಪ್ಪ: ನನಗೆ ಆ ನಾಲ್ವರ ಬಗ್ಗೆಯೂ ಯೋಚನೆ. ಈಜುಕೊಳದಲ್ಲಿ ಕಲಿತವರಿಗೆ ತಳ ಕಾಣುತ್ತದೆ, ಹಿಡಿಯಲು ಗೋಡೆ ಇರುತ್ತದೆ, ಅಲೆ ಇರುವುದಿಲ್ಲ. ಇಲ್ಲಿ ಆ ಯಾವ ಅನುಕೂಲವೂ ಇಲ್ಲ. ಬಟ್ಟೆ, ಚಪ್ಪಲಿ, ಗಾಬರಿ ಮೂರೂ ಕೂಡಿದರೆ ಒಳ್ಳೆಯ ಈಜುಗಾರನೂ ಬೇಗ ಸೋಲುತ್ತಾನೆ. ನೀರಿನ ಮೇಲೆ ದೂರವೂ ಮೋಸ ಮಾಡುತ್ತದೆ. ಇಲ್ಲೇ ಇದೆ ಅನ್ನಿಸುವ ದಡ ಹತ್ತಿರ ಹೋದಷ್ಟೂ ಹಿಂದೆ ಸರಿದಂತೆ ಕಾಣುತ್ತದೆ. ದೋಣಿ ಮಗುಚಿದಾಗ ಈಜು ಬರುವವನು ದಡಕ್ಕೆ ಹೊರಟುಬಿಡುತ್ತಾನೆ, ಬಾರದವನು ದೋಣಿಯನ್ನೇ ಅಪ್ಪಿಕೊಂಡಿರುತ್ತಾನೆ. ಎಷ್ಟೋ ಸಲ ಉಳಿಯುವವನು ಎರಡನೆಯವನೇ. ಮಗುಚಿದ ಕಯಾಕೂ ತೇಲುತ್ತದೆ, ದೂರದಿಂದ ಕಾಣಿಸುತ್ತದೆ. ಒಬ್ಬಂಟಿ ತಲೆ ಅಲೆಯ ನಡುವೆ ಯಾರಿಗೂ ಕಾಣಿಸುವುದಿಲ್ಲ. ಹಾಗಾಗಿ ದೋಣಿ ಬಿಡಬೇಡಿ ಅನ್ನುವುದನ್ನು ಆರು ಜನರಿಗೂ ದಡದಲ್ಲೇ ಹೇಳು.

ಹುಡುಗಿ: ಲೈಫ್ ಜಾಕೆಟ್ ಎಲ್ಲರಿಗೂ ಕೊಡುತ್ತಾರೆ.

ದೊಡ್ಡಪ್ಪ: ಕೊಡುವುದು ಬೇರೆ, ಹಾಕುವುದು ಬೇರೆ, ಸರಿಯಾಗಿ ಹಾಕುವುದು ಮತ್ತೂ ಬೇರೆ. ಎಲ್ಲ ಬಕಲ್ ಹಾಕಿ ಪಟ್ಟಿ ಬಿಗಿದ ಮೇಲೆ ಒಬ್ಬರ ಜಾಕೆಟ್ಟನ್ನು ಇನ್ನೊಬ್ಬರು ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಬೇಕು. ಅದು ಗಲ್ಲ ದಾಟಿ ಕಿವಿಯವರೆಗೆ ಬಂದರೆ ಅಳತೆ ದೊಡ್ಡದಾಯಿತು ಅಂತಲೇ. ನೀರಿಗೆ ಬಿದ್ದಾಗ ಜಾಕೆಟ್ ತೇಲುತ್ತದೆ, ಮನುಷ್ಯ ಅದರೊಳಗಿಂದ ಜಾರುತ್ತಾನೆ. ಹರಿದ ಹೊಲಿಗೆ, ಮುರಿದ ಬಕಲ್ ಕಂಡರೆ ಬದಲಿಸಿ ಕೊಡಿ ಅಂತ ಕೇಳಿ. ಅದರಲ್ಲಿ ನಾಚಿಕೆ ಏನಿಲ್ಲ. ಪ್ರತಿಯೊಬ್ಬರ ಜಾಕೆಟ್ಟಿಗೂ ಒಂದು ಸೀಟಿ ಕಟ್ಟಿರಲಿ. ಗಾಳಿಯಲ್ಲಿ ಕೂಗು ಕೇಳಿಸುವುದಿಲ್ಲ, ಸೀಟಿ ಕೇಳಿಸುತ್ತದೆ. ಸೆಕೆ ಅಂತ ನಡುನೀರಿನಲ್ಲಿ ಬಿಚ್ಚುವವರು, ಫೋಟೋಕ್ಕೆ ಅಡ್ಡ ಅಂತ ತೆಗೆಯುವವರು ಇರುತ್ತಾರೆ. ಅಂಥವರನ್ನು ದಡದಲ್ಲೇ ಗುರುತಿಸು.

ಹುಡುಗಿ: ಅಷ್ಟು ಕಟ್ಟುನಿಟ್ಟಾದರೆ ಗೆಳೆಯರು ಬೇಸರ ಮಾಡಿಕೊಳ್ಳುತ್ತಾರೆ ದೊಡ್ಡಪ್ಪ. ರಜೆಗೆ ಬಂದವರು.

ದೊಡ್ಡಪ್ಪ: ಬೇಸರವಾದರೆ ಆಗಲಿ. ನಮ್ಮ ದೇಶದಲ್ಲಿ ಏನೇನಾಗಿದೆ ನೋಡು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿ ಸರೋವರದಲ್ಲಿ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. ದಡದ ಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ವಾಲಿದ್ದರು. 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ 22 ಜನ ಹೋದರು. ಅದು ಪ್ರವಾಸಿಗರಿಗಾಗಿ ಮಾರ್ಪಡಿಸಿದ್ದ ಮೀನುಗಾರಿಕೆ ದೋಣಿ, ಹಿಡಿಸುವುದಕ್ಕಿಂತ ಹೆಚ್ಚು ಜನ ಹತ್ತಿದ್ದರು. 2024ರ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಹೋದ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಸತ್ತರು. ಅಲ್ಲೂ ಹೆಚ್ಚು ಭಾರ, ಹೆಚ್ಚಿನವರಿಗೆ ಜಾಕೆಟ್ ಇರಲಿಲ್ಲ. ಮೂರು ಕಡೆಯೂ ಚಂಡಮಾರುತ ಬಂದಿರಲಿಲ್ಲ, ಪ್ರವಾಹ ಬಂದಿರಲಿಲ್ಲ. ದೋಣಿ ದಡ ಬಿಡುವ ಮೊದಲು ಯಾರಾದರೂ ಒಬ್ಬರು ಗಟ್ಟಿಯಾಗಿ ‘ಬೇಡ’ ಅಂದಿದ್ದರೆ ತಪ್ಪುತ್ತಿದ್ದ ಸಾವು ಅವು. 2021ರಲ್ಲಿ ಒಳನಾಡು ಹಡಗುಗಳ ಕಾಯ್ದೆಯನ್ನು ಹೊಸದಾಗಿ ಮಾಡಿದ್ದಾರೆ. 1917ರ ಹಳೆಯ ಕಾಯ್ದೆ ಹೋಯಿತು. ನೋಂದಣಿ, ತಪಾಸಣೆ, ಜೀವರಕ್ಷಕ ಸಾಮಗ್ರಿ ಎಲ್ಲಕ್ಕೂ ಅದರಲ್ಲಿ ನಿಯಮ ಇದೆ. ಆದರೆ ದಡದಲ್ಲಿ ನಿಂತ ಗಳಿಗೆಯಲ್ಲಿ ಕಾಯ್ದೆ ಬಂದು ಬಕಲ್ ಹಾಕುವುದಿಲ್ಲ. ಅದು ಪಕ್ಕದ ಗೆಳೆಯ ಮಾಡುವ ಕೆಲಸ.

ಹುಡುಗಿ: ಹಾಗಾದರೆ ‘ಬೇಡ’ ಅನ್ನುವ ಆ ಒಬ್ಬರು ಯಾರಾಗಬೇಕು?

ದೊಡ್ಡಪ್ಪ: ತರಬೇತುದಾರರು ಜೊತೆಗಿರುವಷ್ಟು ಹೊತ್ತು ಅವರ ಮಾತೇ ಮಾತು. ಅದರ ಜೊತೆಗೆ ನಿಮ್ಮೊಳಗೂ ಒಬ್ಬರನ್ನು ಮೊದಲೇ ಆರಿಸಿಕೊಳ್ಳಿ. ಹೆಚ್ಚು ಬಲ ಇರುವವರನ್ನಲ್ಲ, ಹೆಚ್ಚು ಸಮಾಧಾನ ಇರುವವರನ್ನು. ಅವರು ವಾಪಸ್ ಅಂದರೆ ಎಲ್ಲರೂ ವಾಪಸ್. ನಡುನೀರಿನಲ್ಲಿ ಚರ್ಚೆ ಇಲ್ಲ, ಮತದಾನ ಇಲ್ಲ. ಇನ್ನು ಮೂವರಿಗೆ ಒಬ್ಬರಂತೆ ಎಣಿಕೆ ಮಾಡಲು ಇಬ್ಬರಿರಲಿ. ಹೊರಡುವಾಗ, ನಡುಗಡ್ಡೆಗೆ ಇಳಿದಾಗ, ಮತ್ತೆ ಹತ್ತುವಾಗ ತಲೆ ಎಣಿಸಬೇಕು. ದಡದಲ್ಲಿ ಉಳಿಯುವ ಒಬ್ಬರಿಗೆ ಯಾವ ಕಡೆ ಹೋಗುತ್ತೇವೆ, ಎಷ್ಟು ಗಂಟೆಗೆ ಬರುತ್ತೇವೆ, ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಬರೆದುಕೊಡಿ. ಹಿನ್ನೀರಿನ ಒಳಗೆ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ನೀವು ಕರೆ ಮಾಡಿ ಸಹಾಯ ಕೇಳುವ ಹಾಗಿರುವುದಿಲ್ಲ, ನಿಮಗಾಗಿ ದಡದವರೇ ಹುಡುಕಿಕೊಂಡು ಬರಬೇಕು.

ಹುಡುಗಿ: ಎಷ್ಟು ಗಂಟೆಗೆ ಇಳಿದರೆ ಒಳ್ಳೆಯದು? ಅವರು ತಿಂಡಿ ಮುಗಿಸಿ ಹತ್ತರ ಮೇಲೆ ಅಂತಿದ್ದಾರೆ.

ದೊಡ್ಡಪ್ಪ: ಹತ್ತಕ್ಕೆ ದಡಕ್ಕೆ ಮರಳುವ ಯೋಚನೆ ಮಾಡಬೇಕು. ನಾಳೆ ರೈಲಿಳಿದ ದಣಿವಿನಲ್ಲಿ ಅಭ್ಯಾಸ ಮಾತ್ರ ಸಾಕು. ದಡದ ಹತ್ತಿರ ಹುಟ್ಟು ಹಿಡಿಯುವುದು, ಬೇಕೆಂದೇ ಕಯಾಕ್ ಮಗುಚಿ ಮತ್ತೆ ಹತ್ತುವುದು, ಇವನ್ನು ಕಲಿಯಿರಿ. ನಡುಗಡ್ಡೆಗೆ ಹೋಗುವುದು ಮಾರನೆ ದಿನ, ಬೆಳಕು ಹರಿದ ಕೂಡಲೇ. ಬೇಸಿಗೆಯ ಬೆಳಗ್ಗೆ ನೀರು ಅಲುಗಾಡದೆ ಮಲಗಿರುತ್ತದೆ. ಬಿಸಿಲು ಏರಿದಂತೆ ನೆಲ ಕಾಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಗಾಳಿ ಏಳುತ್ತದೆ. ಗಾಳಿ ಅಡ್ಡಿಯಿಲ್ಲದೆ ಎಷ್ಟು ದೂರ ನೀರಿನ ಮೇಲೆ ಓಡುತ್ತದೋ ಅಲೆ ಅಷ್ಟು ದೊಡ್ಡದಾಗುತ್ತದೆ. ಗುಡ್ಡದ ಮರೆಯ ಕೊಲ್ಲಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಮೂಲೆ ತಿರುಗಿ ಬಯಲು ನೀರಿಗೆ ಬಂದರೆ ಕಯಾಕಿನ ಮೂತಿ ಮೇಲೆ ಕೆಳಗೆ ಆಡುತ್ತದೆ. ಹಾಗಾಗಿ ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಅದು ಬೆನ್ನಿಗಿರಲಿ. ಬಲ ಇರುವಾಗ ಕಷ್ಟದ ದಾರಿ, ದಣಿದಾಗ ಸುಲಭದ ದಾರಿ. ಹೊಸಬರು ಇದನ್ನು ತಿರುಗುಮುರುಗು ಮಾಡುತ್ತಾರೆ. ಗಾಳಿ ತಳ್ಳಿದ ಖುಷಿಯಲ್ಲಿ ದೂರ ಹೋಗಿ, ಮರಳಲು ತೋಳು ಸಾಲದೆ ಕೂರುತ್ತಾರೆ.

ಹುಡುಗಿ: ಮಳೆ ಬಂದರೆ? ಭರಣಿ ಮಳೆ ಶುರುವಾಗುವ ಹೊತ್ತು ಇದು.

ದೊಡ್ಡಪ್ಪ: ಮಳೆಗಿಂತ ಸಿಡಿಲಿಗೆ ಹೆದರಬೇಕು. ಏಪ್ರಿಲ್ ಕೊನೆ, ಮೇ ತಿಂಗಳಿನಲ್ಲಿ ಮಧ್ಯಾಹ್ನ ಮೋಡ ಕಟ್ಟಿ ಸಂಜೆ ಗುಡುಗುವುದು ಮಲೆನಾಡಿನ ವಾಡಿಕೆ. ಅಗಲವಾದ ನೀರಿನ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ನೀನೇ ಆಗಿರುತ್ತೀಯ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸು. ಮೂರು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಮೂವತ್ತರ ಒಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಅಂತ ಅರ್ಥ. ಆಗ ನೀರಿನಲ್ಲಿ ಇರಲೇಬಾರದು. ಹತ್ತಿರದ ದಡ ಯಾವುದೋ ಅದಕ್ಕೆ ಹೋಗಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಮತ್ತೆ ಇಳಿಯಬೇಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ‘ದಾಮಿನಿ’ ಅಂತ ಒಂದು ಆ್ಯಪ್ ಇದೆ, ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಸಿಗ್ನಲ್ ಇರುವಲ್ಲೇ ನೋಡಿಕೊಂಡು ಹೊರಡಿ. ಒಳಗೆ ಹೋದ ಮೇಲೆ ಆಕಾಶವನ್ನೇ ನೋಡಬೇಕು.

ಹುಡುಗಿ: ನಡುಗಡ್ಡೆಯಲ್ಲಿ ಇಳಿದು ಸ್ನಾನ ಮಾಡಬಹುದಲ್ಲ?

ದೊಡ್ಡಪ್ಪ: ನಡುಗಡ್ಡೆ ಅಂದರೆ ಗುಡ್ಡದ ನೆತ್ತಿ ಅಂದೆನಲ್ಲ. ಗುಡ್ಡದ ಇಳಿಜಾರು ನೀರಿನೊಳಗೂ ಹಾಗೇ ಮುಂದುವರಿಯುತ್ತದೆ. ಮೊಣಕಾಲುದ್ದ ನೀರಿನಲ್ಲಿ ನಿಂತವರು ಇನ್ನು ಎರಡು ಹೆಜ್ಜೆ ಇಟ್ಟರೆ ನೆಲ ಸಿಗದಿರಬಹುದು. ನೀರು ಇಳಿದ ದಡದಲ್ಲಿ ಹೂಳು ಬೇರೆ. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕಾಲಿಟ್ಟರೆ ತೊಡೆಯವರೆಗೆ ಇಳಿಯುತ್ತದೆ. ಹಳೆಯ ಊರಿದ್ದ ಜಾಗದಲ್ಲಿ ಬಾವಿ ಬಾಯಿ ತೆರೆದು ಕೂತಿರಬಹುದು. ಅಲ್ಲಿನವರು ತೋರಿಸಿದ ಜಾಗದಲ್ಲಿ ಮಾತ್ರ ಇಳಿಯಿರಿ, ಜಾಕೆಟ್ ಹಾಕಿಕೊಂಡೇ ಇಳಿಯಿರಿ. ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಹುಟ್ಟು ಚಾಚಿ, ಹಗ್ಗ ಎಸೆಯಿರಿ, ಖಾಲಿ ಕ್ಯಾನನ್ನಾದರೂ ಎಸೆಯಿರಿ. ಮುಳುಗುವವನು ಹತ್ತಿರ ಬಂದವನನ್ನೇ ಏಣಿ ಮಾಡಿಕೊಂಡು ಹತ್ತುತ್ತಾನೆ, ಅದು ಅವನ ತಪ್ಪಲ್ಲ, ಜೀವದ ಸ್ವಭಾವ. ಒಬ್ಬರನ್ನು ಉಳಿಸಲು ಹೋಗಿ ಸಾಲಾಗಿ ಹೋದ ಗೆಳೆಯರ ಸುದ್ದಿ ಪ್ರತಿ ಬೇಸಿಗೆಯಲ್ಲೂ ಪೇಪರಿನಲ್ಲಿ ಬರುತ್ತದೆ. ಇನ್ನು ಕುಡಿಯುವ ವಿಚಾರ. ಮದ್ಯದ ಬಾಟಲಿ ಚೀಲದಲ್ಲಿ ಕಂಡರೆ ಪಯಣವನ್ನೇ ನಿಲ್ಲಿಸು.

ಹುಡುಗಿ: ಇಷ್ಟೆಲ್ಲ ಕೇಳಿದರೆ ಹೋಗುವುದೇ ಬೇಡ ಅನ್ನಿಸುತ್ತದೆ.

ದೊಡ್ಡಪ್ಪ: ಹಾಗೆ ಅನ್ನಿಸಬಾರದು. ನೀವು ಹೋಗಬೇಕು ಅಂತಲೇ ಇಷ್ಟು ಹೇಳಿದ್ದು. ತಾನೇ ಹುಟ್ಟು ಹಾಕಿ, ತನ್ನ ತೋಳಿನ ಬಲದಿಂದ ಅಷ್ಟಗಲದ ನೀರಿನ ಮೇಲೆ ಸಾಗುವ ಸುಖ ಬೇರೆ ಎಲ್ಲಿಯೂ ಇಲ್ಲ. ಎಂಜಿನ್ ಸದ್ದಿಲ್ಲದಿದ್ದರೆ ಕಾಡಿನ ಒಳಗಿನ ಮಂಗಟ್ಟೆಯ ಕೂಗು ನೀರಿನ ಮೇಲೆ ಹಾದು ಬರುತ್ತದೆ. ಬೊಡ್ಡೆಯ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತಾ ಕೂತಿರುತ್ತದೆ. ಆರು ಜನ ಒಂದೇ ಲಯದಲ್ಲಿ ಹುಟ್ಟು ಹಾಕಲು ಕಲಿತ ಮೇಲೆ ಆ ಗೆಳೆತನದ ಹದವೇ ಬೇರೆ. ಅವಲಕ್ಕಿ, ಮುರುಗಲು ಶರಬತ್ತು, ಬೇಕಾದಷ್ಟು ಕುಡಿಯುವ ನೀರು ತೆಗೆದುಕೊಂಡು ಹೋಗಿ. ತಲೆಗೆ ಟೋಪಿ, ಮೈಗೆ ತುಂಬುತೋಳಿನ ಅಂಗಿ. ಬಿಸಿಲು ಮೇಲಿನಿಂದಲೂ ಬೀಳುತ್ತದೆ, ನೀರಿನಿಂದಲೂ ಮುಖಕ್ಕೆ ಹೊಡೆಯುತ್ತದೆ.

ಹುಡುಗಿ: ಒಂದು ಕೇಳಲಾ? ನಿಮ್ಮ ಕಾಲದವರಿಗೆ ಇದನ್ನೆಲ್ಲ ಯಾರು ಕಲಿಸಿದರು?

ದೊಡ್ಡಪ್ಪ: ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ನಮಗೆ ನೀರೇ ರಸ್ತೆಯಾಗಿತ್ತು. ಮುಳುಗಡೆ ಆದ ಮೇಲೆ ಕರೂರು, ಬಾರಂಗಿ ಸೀಮೆಯವರು ಸಾಗರದ ಪೇಟೆಗೆ ಬರಬೇಕಾದರೆ ಹೊಳೆ ದಾಟಲೇಬೇಕು. ಬಸುರಿ ಹೆಂಗಸು, ಜ್ವರದ ಮಗು, ಮದುವೆ ದಿಬ್ಬಣ, ಶಾಲೆಯ ಮೇಷ್ಟ್ರು, ಎಲ್ಲರೂ ತೆಪ್ಪದಲ್ಲಿ, ದೋಣಿಯಲ್ಲಿ, ಆಮೇಲೆ ಲಾಂಚಿನಲ್ಲಿ ದಾಟಿದವರು. ಯಾವ ಗಾಳಿಗೆ ಹೊರಡಬಾರದು, ಎಷ್ಟು ಜನ ಹತ್ತಬೇಕು, ಎಲ್ಲಿ ಕೂರಬೇಕು ಅನ್ನುವುದು ಮಕ್ಕಳಿಗೂ ಗೊತ್ತಿತ್ತು. ಆರು ದಶಕ ಕೇಳಿಕೊಂಡ ಮೇಲೆ, 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ, ಕೇಬಲ್ ಆಧಾರದ ಸೇತುವೆ. ಆ ದಿನ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಆ ಜನಕ್ಕೆ ಅದು ಎಂದೋ ಸಿಗಬೇಕಿತ್ತು. ಆದರೆ ನೀರು ರಸ್ತೆಯಾಗಿರುವುದು ನಿಂತ ಮೇಲೆ ನೀರಿನ ತಿಳಿವಳಿಕೆ ಮನೆಯಿಂದ ಮನೆಗೆ ದಾಟುವುದೂ ನಿಲ್ಲುತ್ತದೆ. ಇನ್ನು ಮುಂದೆ ಈ ಹೊಳೆಗೆ ಇಳಿಯುವವರು ಹೆಚ್ಚಾಗಿ ನಿಮ್ಮಂತೆ ಖುಷಿಗೆ ಬರುವವರು. ನಮಗೆ ಬದುಕು ಕಲಿಸಿದ್ದನ್ನು ನೀವು ಬೇಕೆಂದೇ ಕೇಳಿ ಕಲಿಯಬೇಕು.

ಹುಡುಗಿ: ಗೆಳೆಯರಿಗೆ ಮುಳುಗಡೆಯ ಕಥೆಯನ್ನೂ ಹೇಳಬೇಕು ಅನ್ನಿಸುತ್ತಿದೆ.

ದೊಡ್ಡಪ್ಪ: ಹೇಳು. ಸಾಗರದವರೇ ಆದ ನಾ. ಡಿಸೋಜರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಓದಲು ಕೊಡು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣಕಮಲ ಬಂತು. ಸುತ್ತ ನೀರು ಏರುತ್ತಿರುವಾಗ ನೆಲ ಬಿಡಲಾಗದೆ ಉಳಿದವರ ಕಥೆ ಅದು. ಓದಿದ ಮೇಲೆ ಆ ನಡುಗಡ್ಡೆಯಲ್ಲಿ ಪ್ಲಾಸ್ಟಿಕ್ ಎಸೆಯಲು, ಸ್ಪೀಕರ್ ಹಾಕಿ ಕುಣಿಯಲು ಯಾರಿಗೂ ಕೈ ಬರುವುದಿಲ್ಲ. ನಾಡಿಗೆ ದೀಪ ಹಚ್ಚಲು ಈ ನೆಲ ಬಿಟ್ಟುಕೊಟ್ಟ ಎಷ್ಟೋ ಕುಟುಂಬಗಳು ಇವತ್ತಿಗೂ ತಾವು ನಿಂತ ಜಾಗದ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ಹಿನ್ನೀರಿನ ಒಂದು ಭಾಗ ಅಭಯಾರಣ್ಯಕ್ಕೂ ಸೇರಿದೆ, ಸಿಂಗಳೀಕ ಇರುವ ಕಾಡು. ಅನುಮತಿ ಇಲ್ಲದ ದಡಕ್ಕೆ ಇಳಿಯಬೇಡಿ. ಬೇಸಿಗೆಯ ಒಣಹುಲ್ಲಿಗೆ ಒಂದು ಕಿಡಿ ಸಾಕು, ಬೆಂಕಿ ಹಚ್ಚಲೇಬೇಡಿ.

ಹುಡುಗಿ: ಸರಿ ದೊಡ್ಡಪ್ಪ. ಬೆಳಗ್ಗೆ ಅವರು ಬಂದ ಕೂಡಲೇ ದಡದಲ್ಲಿ ಕೂರಿಸಿ ಇದನ್ನೆಲ್ಲ ಹೇಳುತ್ತೇನೆ. ಅರ್ಧ ಗಂಟೆಯಾದರೂ ಬೇಕು.

ದೊಡ್ಡಪ್ಪ: ಆ ಅರ್ಧ ಗಂಟೆಯನ್ನು ಯಾವ ಕಾರಣಕ್ಕೂ ಬಿಡಬೇಡ. ಯಾರಾದರೂ ಜಾಕೆಟ್ ಬೇಡ ಅಂದರೆ, ಎಷ್ಟೇ ಆಪ್ತರಾಗಿದ್ದರೂ ಅವರನ್ನು ದಡದಲ್ಲೇ ಬಿಟ್ಟು ಹೊರಡಿ. ಗಾಳಿ ಎದ್ದರೆ ನಡುಗಡ್ಡೆ ನೋಡದೆಯೇ ಮರಳಿ ಬನ್ನಿ. ನೋಡಲಾಗದೆ ಉಳಿದ ನಡುಗಡ್ಡೆಯನ್ನು ಮುಂದಿನ ಬೇಸಿಗೆಗೆ ನೋಡಬಹುದು. ಆರು ಜನ ಇಳಿಯುತ್ತಿದ್ದೀರಿ, ಆರು ಜನವೂ ದಡ ಹತ್ತಬೇಕು.